ಅಮಾವಾಸ್ಯೆಯ ದಿನ ಬಿಸಿಯಾಗದ ಕಂಪ್ಯೂಟರ್

ಮದರ್‌ಬೋರ್ಡ್ ಸುಳ್ಳು ಹೇಳುತ್ತಿದೆ ಎಂದು ನಾನು ಒಬ್ಬ ಹೆಣ್ಣುಮಗಳ ಮುಂದೆ ಎದೆ ತಟ್ಟಿ ಹೇಳಿದ್ದೆ. ಆ ಮಾತನ್ನು ವಾಪಸ್ ತೆಗೆದುಕೊಳ್ಳಲು ನನಗೆ ಒಂದು ಅಮಾವಾಸ್ಯೆ ಬೇಕಾಯಿತು.

ಗಜೇಂದ್ರಗಡದ ಬಸ್ ನಿಲ್ದಾಣದ ಎದುರಿನ ಸಾಲಿನಲ್ಲಿ ನನ್ನ ಕಂಪ್ಯೂಟರ್ ರಿಪೇರಿ ಅಂಗಡಿ. ಏಪ್ರಿಲ್ ಶುರುವಿನಲ್ಲಿ ನೇಕಾರರ ಓಣಿಯ ಕಂಡಕ್ಟರ್ ಒಬ್ಬರು ಡ್ಯೂಟಿಗೆ ಹೋಗುವಾಗ ಒಂದು ಹಳೆಯ ಡೆಸ್ಕ್‌ಟಾಪ್ ತಂದಿಟ್ಟು, "ಮನ್ಯಾಗಿನಾಕಿ ಸೀರಿ ಅಂಚಿನ ನಕ್ಷಿ ತಗೀತಾಳ್ರಿ. ಮಧ್ಯಾನ ಆತಂದ್ರ ಬಂದ್ ಆಗತೈತಿ. ಲಗೂ ಮಾಡಿ ಕೊಡ್ರಿ," ಎಂದು ಓಡುತ್ತ ಹೋಗಿ ಬಸ್ ಹತ್ತಿದರು. ಕ್ಯಾಬಿನೆಟ್ಟಿನ ಪಕ್ಕದ ಮುಚ್ಚಳ ಬಿಚ್ಚಿದೆ. ಪ್ರೊಸೆಸರ್ ಮೇಲಿನ ಅಲ್ಯುಮಿನಿಯಂ ರೆಕ್ಕೆಗಳ ಮೇಲೆ ನೂಲಿನ ಹಿಂಜು ಕೂತು ಕೂತು ಕಂಬಳಿಯ ತುಂಡಿನ ಹಾಗೆ ಹೆಣೆದುಕೊಂಡಿತ್ತು. ಬೆರಳಿನಿಂದ ಎತ್ತಿದರೆ ಒಂದೇ ಹಾಳೆಯಾಗಿ ಎದ್ದು ಬಂತು. ಕೆಂಪು, ಹಸಿರು, ಒಂದಿಷ್ಟು ಜರಿಯ ಮಿಂಚು. ಇಪ್ಪತ್ತು ವರ್ಷದಲ್ಲಿ ಇಷ್ಟು ಚೆಂದದ ಧೂಳನ್ನು ನಾನು ನೋಡಿರಲಿಲ್ಲ.

ಇಂಥ ಬೋರ್ಡು ಬಿಸಿಯನ್ನು ತಡೆಯುವ ರೀತಿ ನನಗೆ ಮೊದಲಿನಿಂದಲೂ ಇಷ್ಟ. ಅದು ಒಮ್ಮೆಲೇ ಕೈ ಎತ್ತುವುದಿಲ್ಲ. ಪ್ರೊಸೆಸರಿನ ಒಳಗೊಂದು, ವಿದ್ಯುತ್ತನ್ನು ಹದಮಾಡಿ ಕೊಡುವ ಭಾಗದ ಹತ್ತಿರ ಇನ್ನೊಂದು, ಹೀಗೆ ಅಲ್ಲಲ್ಲಿ ಸೆನ್ಸರ್‌ಗಳಿರುತ್ತವೆ. ಬಿಸಿ ಏರಿದರೆ ಮೊದಲು ಫ್ಯಾನ್ ಜೋರು ಮಾಡುತ್ತದೆ. ಅದಕ್ಕೂ ಜಗ್ಗದಿದ್ದರೆ ಪ್ರೊಸೆಸರಿನ ವೇಗವನ್ನೇ ತಗ್ಗಿಸುತ್ತದೆ. ಅದಕ್ಕೂ ಜಗ್ಗದಿದ್ದರೆ, ಸುಟ್ಟುಹೋಗುವ ಬದಲು ತಾನೇ ಕರೆಂಟ್ ಕಡಿದುಕೊಂಡು ಮಲಗುತ್ತದೆ. ಮುಂದಿನ ಸಲ ಹಚ್ಚಿದಾಗ ತೆರೆಯ ಮೇಲೆ "ಪ್ರೊಸೆಸರ್ ಮಿತಿಮೀರಿ ಬಿಸಿಯಾಗಿತ್ತು" ಎಂದು ಬರೆದು ತೋರಿಸುತ್ತದೆ. ಈ ಯಂತ್ರ ಅದನ್ನೇ ತೋರಿಸಿತು. ಹಿಂಜು ತೆಗೆದೆ, ಒಣಗಿ ಪುಡಿಯಾಗಿದ್ದ ಥರ್ಮಲ್ ಪೇಸ್ಟ್ ಒರೆಸಿ ಹೊಸದು ಹಚ್ಚಿದೆ. ಕಾಲ ಬೇಸಿಗೆಯದು, ಒಂದು ಕೈ ಹೆಚ್ಚೇ ಇರಲಿ ಎಂದು ಬೋರ್ಡಿನ ಸೆಟ್ಟಿಂಗ್‌ಗಳಿರುವ ಬಯೋಸ್‌ಗೆ ಹೋಗಿ ಹಿಂದಿನ ಫ್ಯಾನನ್ನು "ಬೇಕಾದಷ್ಟು" ಎಂಬಲ್ಲಿಂದ "ಪೂರ್ತಿ ಜೋರು" ಎಂಬಲ್ಲಿಗೆ ಹಾಕಿದೆ. ಈ ಒಂದು ಕೈ ಹೆಚ್ಚಿನ ಕಥೆಯೇ ಮುಂದಿನದು.

ಐದನೆಯ ದಿನಕ್ಕೆ ಫೋನ್ ಬಂತು. ಈ ಸಲ ಮಾತಾಡಿದವಳು ಕಂಡಕ್ಟರರ ಹೆಂಡತಿ, ನಕ್ಷೆ ತೆಗೆಯುವ ಆ ಮನೆಯ ಸೊಸೆಯೇ.

"ಅಣ್ಣಾರ, ಮತ್ತ ಬಂದ್ ಆತ್ರಿ. ಮೊದಲಿಗಿಂತ ಲಗೂ ಬಂದ್ ಆಗಾಕತ್ತೈತಿ."

ಮೊದಲಿಗಿಂತ ಬೇಗ ಎನ್ನುವ ಮಾತು ನನ್ನನ್ನು ಚುಚ್ಚಿತು. ಗಾಡಿ ಹತ್ತಿ ಹೋದೆ.

ಕೋಟೆಯ ಗುಡ್ಡದ ಬುಡದಲ್ಲಿ ಎರಡು ಕೋಣೆಯ ಮನೆ. ಮುಂದಿನ ಕೋಣೆಯ ಮುಕ್ಕಾಲು ಭಾಗ ಮಗ್ಗವೇ. ನೆಲದಲ್ಲಿ ತೋಡಿದ ಕುಣಿಯಲ್ಲಿ ಕಾಲಿಟ್ಟು ಅವಳ ಮಾವ ನೇಯುತ್ತಿದ್ದರು, ಎಪ್ಪತ್ತರ ಹತ್ತಿರದ ಸಣಕಲು ಮನುಷ್ಯ. ಮಗ್ಗದ ಹಾಸು, ಅಂದರೆ ಉದ್ದಕ್ಕೆ ಬಿಗಿದ ಎಳೆಗಳು, ಗೋಡೆಯವರೆಗೆ ಚಾಚಿತ್ತು. ಆ ಗೋಡೆಗೇ ಹತ್ತಿಸಿ ಕಂಪ್ಯೂಟರ್ ಮೇಜು. ಮನೆಗೆಲ್ಲ ಇರುವ ಒಂದೇ ಸರಿಯಾದ ಪ್ಲಗ್ ಅಲ್ಲಿತ್ತು. ನನ್ನನ್ನು ಕಂಡ ಕೂಡಲೇ ಮಾವ ಲಾಳಿ ಇಟ್ಟು ಎದ್ದು ನಿಂತರು. "ಬರ್ರಿ ಸಾಬ್ರ, ಬರ್ರಿ, ಕುಂದರ್ರಿ." ಸೊಸೆ ಒಳಗಿಂದ ಕುರ್ಚಿ ತಂದಳು, ಮೇಜಿನ ಸುತ್ತ ಕೈಯಾಡಿಸಿ ಅದೂ ಇದೂ ಎತ್ತಿ ಒಳಗೆ ಒಯ್ದಳು. ಚಹಾ ಬಂತು. ಎರಡು ತಾಸು ಕೂತೆ. ಯಂತ್ರ ತಣ್ಣಗೆ ನಡೆಯಿತು. ನಾನು ಎದ್ದು ಬಂದ ಮರುದಿನ ಮತ್ತೆ ಬಂದ್.

ಅವಳ ಕೆಲಸ ಏನೆಂಬುದು ನನಗೆ ಗೊತ್ತಾದದ್ದು ಆ ಎರಡು ತಾಸಿನಲ್ಲಿ. ಸೀರೆಯ ಅಂಚಿಗೆ ಅವಳು ಒಂದು ಹೊಸ ನಕ್ಷೆ ತೆಗೆಯುತ್ತಿದ್ದಳು: ಗುಡ್ಡದ ಮೇಲಿನ ಕೋಟೆಗೋಡೆಯ ನೆತ್ತಿಯಲ್ಲಿ ಹಲ್ಲಿನಂತೆ ನಿಂತ ತೆನೆಗಳು ಒಂದರ ಹಿಂದೊಂದು ಏರುತ್ತ ಇಳಿಯುತ್ತ ಹೋಗುವ ಹಾಗೆ. ತೆರೆಯ ಮೇಲೆ ಒಂದೊಂದು ಚೌಕ ಒಂದೊಂದು ಎಳೆ. ಎಲ್ಲ ಚೌಕ ತುಂಬಿದ ಮೇಲೆ ಅದರ ಪ್ರಕಾರ ರಟ್ಟಿನ ಪಟ್ಟಿಗಳಿಗೆ ತೂತು ಹೊಡೆಸಿ ಮಗ್ಗದ ಮೇಲೆ ಏರಿಸಬೇಕು. ನೂಲು ಕೊಟ್ಟು ಸೀರೆ ಒಯ್ಯುವ ಸಾವ್ಕಾರರು ಒಪ್ಪಿದ್ದು ಒಂದು ಮಾತಿನ ಮೇಲೆ. ಈಗಿನ ಹಾಸು ತೀರಿ ಹೊಸ ಹಾಸು ಏರುವಷ್ಟರಲ್ಲಿ ನಕ್ಷೆ ಸಿದ್ಧವಿದ್ದರೆ ಅವಳದು, ಇಲ್ಲವಾದರೆ ಹಳೇ ಅಂಚೇ, ಮತ್ತೆ ಕೇಳುವಂತಿಲ್ಲ. ಹಾಸು ತೀರಲು ಇನ್ನು ಮೂರು ವಾರವೂ ಇರಲಿಲ್ಲ. ಮುಂಜಾನೆಯೆಲ್ಲ ಅಡುಗೆ, ಆಮೇಲೆ ಅಡ್ಡ ಎಳೆ ಒಯ್ಯುವ ಮಾವನ ಲಾಳಿಗೆ ಕಂಡಿಕೆ ಸುತ್ತುವುದು, ಅಂದರೆ ಸಣ್ಣ ಕೊಳವೆಗಳಿಗೆ ನೂಲು ತುಂಬುವುದು. ನೇಕಾರರ ಮನೆಯ ಹೆಂಗಸರು ಹುಟ್ಟಿದಾಗಿನಿಂದ ಸುತ್ತುತ್ತ ಬಂದದ್ದು ಅದನ್ನೇ. ಅವಳಿಗೆ ತನ್ನದೆಂದು ಸಿಗುತ್ತಿದ್ದ ಹೊತ್ತು ಮಧ್ಯಾಹ್ನ ಹನ್ನೆರಡರಿಂದ ಐದು. ಯಂತ್ರ ಮಲಗುತ್ತಿದ್ದುದೂ ಅದೇ ಹೊತ್ತಿನಲ್ಲಿ.

ಎರಡನೆಯ ಭೇಟಿಗೆ ನಾನು ಜಾಣತನ ಮಾಡಿದೆ. "ಬಂದ್ ಆದ ಕೂಡ್ಲೇ ಫೋನ್ ಮಾಡ್ರಿ, ಹಂಗ ಬರ್ತೀನಿ," ಎಂದಿದ್ದೆ. ಮೂರಕ್ಕೆ ಹತ್ತು ನಿಮಿಷ ಇರುವಾಗ ಫೋನ್ ಬಂತು, ಕಾಲು ತಾಸಿನಲ್ಲಿ ಅವರ ಹೊಸ್ತಿಲಲ್ಲಿದ್ದೆ. ಕ್ಯಾಬಿನೆಟ್ಟಿನ ಹಿಂಬದಿಗೆ ಕೈ ಇಟ್ಟೆ. ಬಿಸಿ ಇತ್ತು, ಆದರೆ ಬೆರಳಿಗೆ ತೇವವೂ ಹತ್ತಿತು. ಹಸಿ ಬಟ್ಟೆಯಿಂದ ಒರೆಸಿದ್ದಾರೆ, ಪಾಪ, ಮನೆಗೆ ಬರುವವನಿಗೆ ಧೂಳು ಕಾಣಬಾರದೆಂದು, ಅಂದುಕೊಂಡೆ. ಹಚ್ಚಿದಾಗ ತೆರೆಯ ಮೇಲೆ ಅದೇ ಮಾತು: ಮಿತಿಮೀರಿ ಬಿಸಿಯಾಗಿತ್ತು. ಮುಂದಿನ ಒಂದು ತಾಸು ನನ್ನ ಕಣ್ಣೆದುರು ಅದು ಸಾಧು ಪ್ರಾಣಿಯಾಗಿ ನಡೆಯಿತು.

ಅಂಗಡಿಗೆ ತಂದೆ. ಪವರ್ ಸಪ್ಲೈ ಬದಲಿಸಿ ನೋಡಿದೆ, ಯುಪಿಎಸ್ ನೋಡಿದೆ, ಓಣಿಯಲ್ಲಿ ವೋಲ್ಟೇಜ್ ಇಳಿಯುತ್ತದೆಯೋ ಎಂದು ಮೀಟರ್ ಹಿಡಿದು ಅವರ ಮನೆಯ ಪ್ಲಗ್ಗನ್ನೂ ಅಳೆದು ಬಂದೆ. ಮೂರು ದಿನ ಬಿಡದೆ ಓಡಿಸಿದೆ, ಭಾರದ ಕೆಲಸ ಕೊಟ್ಟು ದುಡಿಸಿದೆ. ಅಲುಗಲಿಲ್ಲ. ಆಗ ಬಂತು ನನ್ನ ತೀರ್ಪು. ಎಲ್ಲ ಸರಿ ಇದೆ, ಆದರೂ ಬಿಸಿ ಬಿಸಿ ಎನ್ನುತ್ತದೆ ಅಂದರೆ ಸೆನ್ಸರ್ ಕೆಟ್ಟಿದೆ. ಸೆನ್ಸರ್ ಬೋರ್ಡಿನೊಳಗೇ ಇರುವುದು, ಬೋರ್ಡೇ ಬದಲಾಗಬೇಕು. ಇಷ್ಟು ಹಳೆಯ ಪ್ರೊಸೆಸರಿಗೆ ಕೂಡುವ ಬೋರ್ಡು ಹುಬ್ಬಳ್ಳಿಯಲ್ಲಿ ಹುಡುಕಿಸಬೇಕು, ಸಿಕ್ಕರೆ ತಿಂಗಳಾದೀತು.

ಅವಳು ಯಂತ್ರ ಒಯ್ಯಲು ಬಂದಾಗ ಹೇಳಿದೆ. "ಅಕ್ಕಾರ, ಬೋರ್ಡ್ ಸುಳ್ಳು ಹೇಳಾಕತ್ತೈತ್ರಿ. ಬಿಸಿ ಆಗಿಲ್ಲ, ಆಗೇತಿ ಅಂತೈತಿ."

ಅವಳು ಕ್ಯಾಬಿನೆಟ್ಟಿನ ಮೇಲೆ ಕೈಯಿಟ್ಟಳು. "ಅದು ಸುಳ್ಳ ಯಾಕ ಹೇಳತೈತ್ರಿ? ಅದಕ್ಕೇನ ಲಾಭ?"

ನಾನು ನಕ್ಕೆ. ಅವಳು ನಗಲಿಲ್ಲ. "ಆತ್ ಬಿಡ್ರಿ ಅಣ್ಣಾರ. ಕಂಡಿಕಿ ಸುತ್ತೂದ ನನ್ನ ಹಣ್ಯಾಗ ಬರದೈತಿ ಕಾಣತೈತಿ. ನಮ್ಮ ಮಾವಾರಿಗೂ ಈ ಮಷಿನ್ ಮ್ಯಾಲ ಮನಸ್ಸಿಲ್ಲ. ಬಾಯಿ ಬಿಟ್ಟ ಅನ್ನಂಗಿಲ್ಲ ಅವ್ರು, ಆದ್ರ ಮಧ್ಯಾನ ಆತಂದ್ರ ಮಾರಿ ಸಣ್ಣ ಆಗತೈತಿ." ಕ್ಯಾಬಿನೆಟ್ಟನ್ನು ಮಗುವಿನಂತೆ ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಹೋದಳು. ನನಗೆ ಬಹಳ ಕೆಟ್ಟದೆನಿಸಿತು. ತಪ್ಪು ಹೇಳಿದೆನೆಂದಲ್ಲ, ಸರಿಯಾಗಿ ಗೊತ್ತಿಲ್ಲದೆ ಹೇಳಿದೆನೆಂದು.

ಕುತೂಹಲ ನನಗಿರುವ ಒಂದು ಕಾಯಿಲೆ. ಮರುದಿನವೇ ಅವರ ಮನೆಗೆ ಹೋಗಿ, ನಿಮಿಷಕ್ಕೊಮ್ಮೆ ಪ್ರೊಸೆಸರಿನ ಬಿಸಿ, ಬೋರ್ಡಿನ ಬಿಸಿ, ಫ್ಯಾನಿನ ಸುತ್ತು ಎಲ್ಲವನ್ನೂ ತಾನೇ ಬರೆದಿಡುವ ಒಂದು ಸಣ್ಣ ಪ್ರೋಗ್ರಾಂ ಹಾಕಿ ಬಂದೆ. "ಬಂದ್ ಆದ್ರ ಆಗಲಿ ಬಿಡ್ರಿ. ಐದೈದ ನಿಮಿಷಕ್ಕ ನಕ್ಷಿ ಸೇವ್ ಮಾಡಕೋತ ಹೋಗ್ರಿ," ಎಂದೆ. ಆರು ದಿನದ ಮೇಲೆ ಅದನ್ನೆಲ್ಲ ಪೆನ್‌ಡ್ರೈವ್‌ನಲ್ಲಿ ತಂದು ಹಾಳೆಯ ಮೇಲೆ ಗೆರೆ ಎಳೆದೆ.

ಬಿಸಿಲಿನ ಬಿಸಿಯಾದರೆ ಯಂತ್ರ ಹಚ್ಚಿದ ಹನ್ನೆರಡರಿಂದಲೇ ಗೆರೆ ಮೆಲ್ಲಗೆ ಏರಬೇಕು. ಇದು ಹಾಗಿರಲಿಲ್ಲ. ಒಂದು ಗಂಟೆಯವರೆಗೆ ಚಾಪೆ ಹಾಸಿದ ಹಾಗೆ ಸಪಾಟು. ಒಂದರ ಆಸುಪಾಸಿಗೆ ಇದ್ದಕ್ಕಿದ್ದಂತೆ ತಲೆ ಎತ್ತಿ, ಎರಡೂವರೆ ಮೂರಕ್ಕೆಲ್ಲ ಕೊನೆಯ ಮಿತಿಗೆ ಬಡಿದು ನಿಲ್ಲುತ್ತಿತ್ತು. ಬೋರ್ಡಿನ ಬಿಸಿ ಮೊದಲು, ಪ್ರೊಸೆಸರಿನದು ಅದರ ಹಿಂದೆ. ಕೆಟ್ಟ ಸೆನ್ಸರ್ ಹೀಗೆ ಹೊತ್ತು ನೋಡಿ ಕೆಡುವುದಿಲ್ಲ, ಎರಡು ಸೆನ್ಸರ್ ಕೂಡಿ ಒಂದೇ ಸುಳ್ಳು ಹೇಳುವುದಿಲ್ಲ. ಬೋರ್ಡು ಖರೆಯನ್ನೇ ಹೇಳುತ್ತಿತ್ತು. ಹಾಳೆ ನೋಡುತ್ತ ನನ್ನ ಕಿವಿಗಳು ಬಿಸಿಯಾದವು.

ಇನ್ನೂ ಒಂದು ವಿಚಿತ್ರ. ಆರು ದಿನಗಳಲ್ಲಿ ಒಂದು ದಿನದ ಗೆರೆ ಏಳಲೇ ಇಲ್ಲ. ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ ಯಂತ್ರ ನಡೆದಿದೆ, ಅವಳು ಬಿಡದೆ ಕೆಲಸ ಮಾಡಿದ್ದಾಳೆ, ಆ ದಿನದ ಬಿಸಿಲಾದರೂ ಉಳಿದ ದಿನಗಳಂತೆಯೇ ಸುಡು ಬಿಸಿಲು. ಆದರೂ ಬಿಸಿಯಾಗಿಲ್ಲ. ಅದು ಯಾವ ದಿನವೆಂದು ಅಂಗಡಿಯ ಗೋಡೆಯ ಕ್ಯಾಲೆಂಡರ್ ನೋಡಿದೆ. ಆ ಚೌಕದಲ್ಲಿ ಕರಿ ಚುಕ್ಕೆ. ಅಮಾವಾಸ್ಯೆ. ಚಂದ್ರನ ಲೆಕ್ಕ ನಮ್ಮ ಮನೆಯಲ್ಲೂ ಇದೆ, ಹಬ್ಬ ಉಪವಾಸಕ್ಕೆ ನಾವೂ ಆಕಾಶ ನೋಡುವವರೇ. ಆದರೆ ಚಂದ್ರ ಕಾಣದಿದ್ದರೆ ಪ್ರೊಸೆಸರ್ ತಣ್ಣಗಿರುತ್ತದೆಂದು ಯಾವ ಕೈಪಿಡಿಯಲ್ಲೂ ಓದಿರಲಿಲ್ಲ.

ಫೋನ್ ಹಚ್ಚಿದೆ. "ಅಕ್ಕಾರ, ಅಮಾಸಿ ದಿನಾ ಏನ ಮಾಡಿದ್ರಿ?"

"ಏನಿಲ್ರಿ. ಅವತ್ತ ನಾವು ಮಗ್ಗ ಮುಟ್ಟಂಗಿಲ್ಲ. ಕಂಡಿಕಿ ಕೆಲಸ ಇರಲಿಲ್ಲಂತ ಇಡೀ ದಿನಾ ನಕ್ಷಿ ಮುಂದ ಕುಂತಿದ್ದೆ. ಯಾಕ್ರೀ?"

ಮಗ್ಗ ನಿಂತ ದಿನ ಕಂಪ್ಯೂಟರ್ ನಡೆದಿದೆ. ಎರಡಕ್ಕೂ ನಡುವೆ ಒಂದು ತಂತಿಯೂ ಇಲ್ಲ. ಏನು ಸಂಬಂಧ? ನೂಲಿನ ಹಿಂಜೇ? ಅದು ಒಂದು ಗಂಟೆಗೆ ಸರಿಯಾಗಿ ಏಕೆ ಬರಬೇಕು? ಆಗಲೇ ಇನ್ನೊಂದು ಮಾತು ಹೊಳೆಯಿತು. ನಾನು ಅವರ ಮನೆಯಲ್ಲಿದ್ದಾಗ ಅದು ಒಮ್ಮೆಯೂ ಕೆಟ್ಟಿಲ್ಲ. ಅಂದರೆ ನಾನು ಇದ್ದಾಗ ಆ ಮನೆಯಲ್ಲಿ ಏನೋ ನಡೆಯುವುದಿಲ್ಲ. ಅಲ್ಲಿಗೆ ಸ್ಕ್ರೂಡ್ರೈವರ್ ಕೆಳಗಿಟ್ಟೆ. ಇನ್ನು ಬಿಚ್ಚುವುದು ಸಾಕು, ಒಂದು ಇಡೀ ದಿನ ಅವರ ಮನೆಯಲ್ಲಿ ಸುಮ್ಮನೆ ಕೂರಬೇಕು ಎಂದು ನಿರ್ಧರಿಸಿದೆ. ಹಾಸು ತೀರಲು ಆಗ ಎಂಟು ದಿನ ಉಳಿದಿತ್ತು, ನಕ್ಷೆ ಅರ್ಧವೂ ಆಗಿರಲಿಲ್ಲ.

ಬೆಳಿಗ್ಗೆ ಹತ್ತಕ್ಕೇ ಹೋದೆ. ಎಂದಿನಂತೆ ಮಾವ ಎದ್ದು ನಿಂತರು, ಸೊಸೆ ಕುರ್ಚಿ ತಂದಳು. "ನನಗ ಕುರ್ಚಿ ಬ್ಯಾಡ್ರಿ. ನಾ ಇಲ್ಲೇ ಇಲ್ಲಂತ ತಿಳದ ನಿಮ್ಮ ನಿಮ್ಮ ಕೆಲಸ ಮಾಡ್ರಿ," ಎಂದು ಮೂಲೆಯಲ್ಲಿ ನೆಲಕ್ಕೆ ಕೂತೆ. ಹೇಳಿದಷ್ಟು ಸುಲಭವಲ್ಲ ಅದು. ಒಂದು ತಾಸು ಅವರಿಬ್ಬರೂ ಮದುವೆಗೆ ಬಂದವರ ಹಾಗೆ ಬಿಗಿಯಾಗಿದ್ದರು. ನಾನು ಸೊಸೆಯ ರಾಟೆ ತೆಗೆದುಕೊಂಡು ಎರಡು ಕಂಡಿಕೆ ಸುತ್ತಿದೆ. ಅವುಗಳನ್ನು ನೋಡಿ ಮಾವ ಮೊದಲ ಸಲ ನಕ್ಕರು. "ಇದನ್ನ ಲಾಳಿಯಾಗ ಹಾಕಿದ್ರ ಸೀರಿ ಅಲ್ರಿ ಸಾಬ್ರ, ಬಲಿ ಆಗತೈತಿ, ಮೀನ ಹಿಡಿಯಾಕ."

ಹನ್ನೆರಡಕ್ಕೆ ಅವಳು ಕಂಪ್ಯೂಟರ್ ಮುಂದೆ ಕೂತಳು. ಗಾಳಿ ಇಲ್ಲದ ಕೋಣೆ, ಬೆವರು ಹರಿಯುತ್ತಿತ್ತು. "ಮ್ಯಾಲಿನ ಫ್ಯಾನ್ ಹಚ್ಚಬಾರ್ದೇನ್ರಿ?" ಎಂದೆ. ಇಬ್ಬರೂ ಒಟ್ಟಿಗೆ "ಬ್ಯಾಡ್ರಿ!" ಎಂದರು. ಗಾಳಿ ಬಡಿದರೆ ಎಳೆ ಒಣಗುತ್ತದೆ, ಒಣಗಿದ ಎಳೆ ಹರಿಯುತ್ತದೆ. ಆ ಫ್ಯಾನ್ ಬೇಸಿಗೆಯಲ್ಲಿ ಮಗ್ಗ ನಿಂತ ದಿನ ಮಾತ್ರ ತಿರುಗುವುದಂತೆ. ನನ್ನ ತಲೆಯಲ್ಲಿ ಏನೋ ಅಲುಗಿತು, ಪೂರ್ತಿ ಹೊಳೆಯಲಿಲ್ಲ.

ಒಂದು ಗಂಟೆಯ ಹೊತ್ತಿಗೆ ಎಳೆಗಳು ಹರಿಯಲು ಶುರುವಾದವು. ಟಪ್ ಎನ್ನುವ ಸಣ್ಣ ಸದ್ದು, ಮಗ್ಗ ನಿಲ್ಲುತ್ತದೆ, ಮಾವ ಬಾಗಿ ಎರಡು ತುದಿ ಹುಡುಕಿ ಬೆರಳಲ್ಲಿ ಹೊಸೆದು ಗಂಟು ಹಾಕುತ್ತಾರೆ. ಮತ್ತೆ ಟಪ್. ಹರಿದ ಎಳೆಗಳೆಲ್ಲ ಒಂದೇ ಕಡೆಯವು, ಕಂಪ್ಯೂಟರ್ ಮೇಜಿನ ಕಡೆಯವು. ಮಾವ ನನ್ನತ್ತ ನೋಡಿದರು, ಮೇಜಿನತ್ತ ನೋಡಿದರು. ಕೊನೆಗೆ ಕುಣಿಯಿಂದ ಎದ್ದು ಒಳಗೆ ಹೋಗಿ, ನೀರಲ್ಲಿ ಅದ್ದಿ ಹಿಂಡಿದ ಒಂದು ಹಳೇ ಧೋತರ ಹಿಡಿದುಕೊಂಡು ಬಂದು ಬಾಗಿಲಲ್ಲೇ ನಿಂತರು.

"ಮಾವಾರ, ಮಂದಿ ಅದಾರ," ಎಂದಳು ಸೊಸೆ ಮೆಲ್ಲಗೆ.

"ಮಂದಿ ಇಲ್ರಿ ಇಲ್ಲಿ," ಎಂದೆ. "ದಿನಾ ಏನ ಮಾಡತೀರೋ ಅದನ್ನ ಮಾಡ್ರಿ."

ಅವರು ಬಂದು ಆ ಧೋತರವನ್ನು ನಾಲ್ಕು ಮಡಿಕೆ ಮಾಡಿ ಕ್ಯಾಬಿನೆಟ್ಟಿನ ಹಿಂಬದಿಗೆ, ಫ್ಯಾನಿನ ಜಾಲರಿ ಪೂರ್ತಿ ಮುಚ್ಚುವ ಹಾಗೆ ಇಳಿಬಿಟ್ಟರು. ಮೇಲೊಂದು ಇಟ್ಟಿಗೆ ಇಟ್ಟರು. ತೆರೆಯ ಮೂಲೆಯಲ್ಲಿ ಬೋರ್ಡಿನ ಬಿಸಿ ನಲವತ್ತೊಂಬತ್ತು ಇದ್ದದ್ದು ಐವತ್ತಾಯಿತು, ಐವತ್ತೆರಡಾಯಿತು. ಇಪ್ಪತ್ತು ನಿಮಿಷದಲ್ಲಿ ಅರವತ್ತು ದಾಟಿತು. ಮೂವರೂ ಅದನ್ನೇ ನೋಡುತ್ತಿದ್ದೆವು. ಯಾರೂ ವಿವರಿಸಿ ಹೇಳಬೇಕಾಗಲಿಲ್ಲ.

ಆ ಹಸಿ ಬಟ್ಟೆಯನ್ನು ಅವಳು ದಿನವೂ ನೋಡುತ್ತಿದ್ದಳು. ಬೇಸಿಗೆಯಲ್ಲಿ ನೇಕಾರರ ಮನೆಯಲ್ಲಿ ಎಳೆ ಒಣಗದಿರಲೆಂದು ಎಲ್ಲಾದರೊಂದು ಕಡೆ ಹಸಿ ಬಟ್ಟೆ ತೂಗುವುದು ನೀರಿನ ಕೊಡ ಇರುವಷ್ಟೇ ಸಹಜ. ಯಾರಾದರೂ ಬಂದರೆ, ಹೊರಗಿನವರಿಗೆ ಹಳೇ ಧೋತರ ಕಾಣಬಾರದೆಂದು ಎತ್ತಿಡುವುದೂ ಅಷ್ಟೇ ಸಹಜ. ನಾನು ಬಂದಾಗಲೆಲ್ಲ ಅವಳೇ ತನ್ನ ಕೈಯಾರೆ ರೋಗವನ್ನು ಎತ್ತಿ ಒಳಗೆ ಇಟ್ಟು, ಆಮೇಲೆ ನನಗೆ ಚಹಾ ಕೊಡುತ್ತಿದ್ದಳು.

"ಮೊದಲ ಈ ಧೋತ್ರಾ ಕಿಟಕಿಗಿ ಇರತಿತ್ತಲ್ರಿ ಮಾವಾರ?"

"ಇತ್ತವ್ವಾ. ಇವ್ರು ರಿಪೇರಿ ಮಾಡಿ ಕೊಟ್ಟಮ್ಯಾಲೆ ಅದು ಭಾಳ ಗಾಳಿ ಉಗಳಾಕ ಹತ್ತಿತು. ಬಿಸಿ ಗಾಳಿ, ಸೀದಾ ಹಾಸಿನ ಮ್ಯಾಲ. ದಿನಾ ಎಷ್ಟ ಎಳಿ ಹರೀತಾವಂತ ಎಣಸಾಕ ಹೋಗಿಲ್ಲ ನಾ."

ಪೂರ್ತಿ ಜೋರು. ಒಂದು ಕೈ ಹೆಚ್ಚೇ ಇರಲಿ ಎಂದು ಹಾಕಿದವನು ನಾನು. ಬೋರ್ಡಿನ ಮೇಲೆ ಸುಳ್ಳಿನ ಆರೋಪ ಹೊರಿಸಿದವನೂ ನಾನೇ. ನೆಲದ ಮೇಲೆ ಕೂತಿದ್ದು ಒಳ್ಳೆಯದಾಯಿತು, ಕುರ್ಚಿಯ ಮೇಲಿದ್ದರೆ ಇನ್ನೂ ನಾಚಿಕೆಯಾಗುತ್ತಿತ್ತು.

"ಹೇಳಬೇಕಾಗಿತ್ತಲ್ರಿ ನನಗ," ಎಂದಳು ಸೊಸೆ.

ಮಾವ ಹರಿದ ಎಳೆಯ ತುದಿ ಹುಡುಕುತ್ತಲೇ ಇದ್ದರು. "ಏನಂತ ಹೇಳ್ಲಿ? ನಿನ್ನ ಮಷಿನ್ನಿನಿಂದ ನನಗ ತ್ರಾಸ ಆಗಾಕತ್ತೈತಿ ಅಂದ್ರ, ನೀ ಆ ಕ್ಷಣಾನ ಬಂದ್ ಮಾಡಿ ಕಂಡಿಕಿ ಸುತ್ತಾಕ ಕುಂದ್ರತಿದ್ದಿ. ನನಗ ಗೊತ್ತಿಲ್ಲೇನು ನಿನ್ನ ಗುಣಾ? ಎಳಿ ಹರದ್ರ ಕೂಡಸ್ತೀನಿ. ಅರವತ್ತ ವರ್ಷದಿಂದ ಅದನ್ನ ಮಾಡೇನಿ."

ಅವಳು ಸೆರಗು ಕಣ್ಣಿಗೊತ್ತಿಕೊಂಡಳು. ಮಧ್ಯಾಹ್ನ ಮಾವನ ಮುಖ ಸಣ್ಣದಾಗುತ್ತಿದ್ದುದು ಮಷಿನ್ನಿನ ಮೇಲಿನ ಸಿಟ್ಟಿನಿಂದಲ್ಲ. ನಾನು ಬಯೋಸ್ ತೆರೆಯುವ ನೆಪದಲ್ಲಿ ಯಂತ್ರದ ಕಡೆ ತಿರುಗಿದೆ. ನನ್ನ ಕಣ್ಣಿನ ಸ್ಥಿತಿಯೂ ಚಲೋ ಇರಲಿಲ್ಲ.

ಇನ್ನು ಪರಿಹಾರ. ಅಷ್ಟು ದಿನ ನಾನು ಯೋಚಿಸಿದ್ದೆಲ್ಲ ಬಿಸಿಯನ್ನು ಹೊರಹಾಕುವುದು ಹೇಗೆ ಎಂದು. ಈ ಕೋಣೆಯಲ್ಲಿ ಗಾಳಿ ಹೆಚ್ಚಿಸುವಂತಿಲ್ಲ. ಹಾಗಾದರೆ ಬಿಸಿ ಹುಟ್ಟುವುದನ್ನೇ ಕಡಿಮೆ ಮಾಡಬೇಕು. ಚೌಕ ತುಂಬುವ ಕೆಲಸಕ್ಕೆ ಪ್ರೊಸೆಸರ್ ಓಡಬೇಕಾಗಿಲ್ಲ, ನಡೆದರೆ ಸಾಕು. ಆಗಾಗ ತಾನೇ ವೇಗ ಏರಿಸಿಕೊಳ್ಳುವ ಅದರ ಚಾಳಿಯನ್ನು ಬಂದ್ ಮಾಡಿದೆ. ಅದು ಎಳೆದುಕೊಳ್ಳುವ ವಿದ್ಯುತ್ತಿಗೆ ಬೋರ್ಡಿನಲ್ಲಿ ಒಂದು ಮಿತಿ ಹಾಕಿದೆ. ಕೆಲಸವಿಲ್ಲದ ಹೊತ್ತಿನಲ್ಲಿ ಭಾಗ ಭಾಗವಾಗಿ ಮಲಗುವ ಸವಲತ್ತು ಬೋರ್ಡಿನಲ್ಲಿತ್ತು, ಯಾರೋ ಆರಿಸಿಟ್ಟಿದ್ದರು, ಅದನ್ನು ಹಚ್ಚಿದೆ. ಕ್ಯಾಬಿನೆಟ್ಟಿನ ಬೆನ್ನನ್ನು ಹಾಸಿನಿಂದ ಕಿಟಕಿಯ ಕಡೆಗೆ ತಿರುಗಿಸಿದೆ. ಕೇಬಲ್ ಗಿಡ್ಡವಿದ್ದುದರಿಂದ ಅರ್ಧ ಮಾತ್ರ ತಿರುಗಿತು.

ಉಳಿದದ್ದು ಫ್ಯಾನಿನ ವೇಗ. ಎಷ್ಟು ಇಳಿಸಿದರೆ ಎಳೆಗೆ ತೊಂದರೆಯಿಲ್ಲ? ನನ್ನ ಯಾವ ಮೀಟರೂ ಅದನ್ನು ಅಳೆಯುವುದಿಲ್ಲ. ಮಾವ ಎದ್ದು ಬಂದರು. ಒಂದೇ ಒಂದು ರೇಷ್ಮೆ ಎಳೆ ಹರಿದು ಕಡ್ಡಿಗೆ ಕಟ್ಟಿ, ಹಾಸು ಶುರುವಾಗುವ ಜಾಗದಲ್ಲಿ ಇಳಿಬಿಟ್ಟು ಹಿಡಿದರು. ಫ್ಯಾನ್ ನಿಮಿಷಕ್ಕೆ ಸಾವಿರದ ನಾನೂರು ಸುತ್ತು ತಿರುಗುವಾಗ ಎಳೆ ಬಾಲದಂತೆ ಹಾರಾಡಿತು.

"ಇಳಸ್ರಿ."

ಸಾವಿರದ ನೂರು.

"ಇನ್ನೊಂದಿಷ್ಟ ಇಳಸ್ರಿ."

ಎಂಟುನೂರಕ್ಕೆ ಎಳೆಯ ತುದಿ ಮಾತ್ರ ಅಲುಗಿತು. ಅವರು ಉಸಿರು ಹಿಡಿದು ನೋಡಿದರು. "ಇಷ್ಟ ಗಾಳಿ ನನ್ನ ಲಾಳಿನೂ ಎಬ್ಬಸತೈತಿ. ಇರಲಿ ಬಿಡ್ರಿ."

ಅರವತ್ತೈದು ಡಿಗ್ರಿ ದಾಟುವವರೆಗೆ ಎಂಟುನೂರಕ್ಕಿಂತ ಹೆಚ್ಚು ತಿರುಗಬಾರದು ಎಂದು ಬೋರ್ಡಿಗೆ ಬರೆದುಕೊಟ್ಟೆ. ಧೋತರ ಮತ್ತೆ ಕಿಟಕಿಗೆ ಹೋಯಿತು. ಮೂರು ಗಂಟೆಗೆ ಬೋರ್ಡಿನ ಬಿಸಿ ಐವತ್ತಾರು. ನಾಲ್ಕಕ್ಕೂ ಐವತ್ತಾರು. ಐದಕ್ಕೆ ಅವಳು ಮೈ ಮುರಿದು ಎದ್ದಳು. ಆ ಯಂತ್ರ ಅವಳಿಗಿಂತ ಮೊದಲು ಮಲಗದೆ ಇದ್ದದ್ದು ಅಮಾವಾಸ್ಯೆ ಬಿಟ್ಟರೆ ಅಂದೇ. "ಮೊದಲಿಗಿಂತ ಸಾವಕಾಶ ಅನಸ್ತೇನ್ರಿ?" ಎಂದು ಕೇಳಿದೆ. "ಇಲ್ಲಲ್ರಿ, ನಾನ ಅದಕ್ಕಿಂತ ಸಾವಕಾಶ ಅದೇನಿ," ಎಂದಳು.

ಎಂಟು ದಿನದಲ್ಲಿ ನಕ್ಷೆ ಮುಗಿಯಿತೇ ಎಂದು ನಾನು ಫೋನ್ ಮಾಡಿ ಕೇಳಲಿಲ್ಲ, ಕೇಳುವ ಧೈರ್ಯ ಸಾಲಲಿಲ್ಲ. ಮೇ ಮಧ್ಯದಲ್ಲಿ ರೋಣಕ್ಕೆ ಹೋಗಿ ಬರುವಾಗ ಗಾಡಿ ತಾನಾಗಿಯೇ ಆ ಓಣಿಗೆ ತಿರುಗಿತು. ಮಗ್ಗದ ಮೇಲೆ ಹೊಸ ಹಾಸು. ತೂತಿನ ರಟ್ಟುಗಳ ಸಾಲು ಮೇಲಿಂದ ಇಳಿಬಿದ್ದಿತ್ತು. ನೇಯ್ದ ಒಂದು ಮೊಳ ಬಟ್ಟೆಯ ಅಂಚಿನಲ್ಲಿ ನಮ್ಮ ಗುಡ್ಡದ ಕೋಟೆಗೋಡೆ ತೆನೆ ತೆನೆಯಾಗಿ ಏರುತ್ತ ಇಳಿಯುತ್ತ ಹೋಗಿತ್ತು. ಸೊಸೆ ತೆರೆಯ ಮುಂದೆ ಕೂತು ಇನ್ನೊಂದು ನಕ್ಷೆಗೆ ಚೌಕ ತುಂಬುತ್ತಿದ್ದಳು. ಮಗ್ಗ ನಿಂತಿತ್ತು. ಮಾವ ನೆಲದ ಮೇಲೆ ಕೂತು, ರಾಟೆ ತಿರುಗಿಸುತ್ತ, ತಮ್ಮ ಲಾಳಿಗೆ ತಾವೇ ಕಂಡಿಕೆ ಸುತ್ತಿಕೊಳ್ಳುತ್ತಿದ್ದರು.

ಯಾರೂ ಎದ್ದು ನಿಲ್ಲಲಿಲ್ಲ. ಕುರ್ಚಿ ಬರಲಿಲ್ಲ. ಕಿಟಕಿಯಿಂದ ಹಸಿ ಧೋತರ ಅಂದು ನಾನು ಕೂತಿದ್ದ ಮೂಲೆಯವರೆಗೆ ಇಳಿಬಿದ್ದು ನೀರು ತೊಟ್ಟಿಕ್ಕುತ್ತಿತ್ತು. ಅದನ್ನು ಎತ್ತಿಡಬೇಕೆಂದು ಯಾರಿಗೂ ಅನ್ನಿಸಲಿಲ್ಲ.

"ಬಾ ತಮ್ಮಾ," ಎಂದರು ಮಾವ, ರಾಟೆಯಿಂದ ಕಣ್ಣೆತ್ತದೆ. "ಆ ಧೋತ್ರಾ ಸರಿಸಿ ಕುಂದ್ರು."

ನಾನು ಧೋತರ ಸರಿಸಿ ಕೂತೆ.